ಏಳನೇ ಸಾಲಿನ ಹುಚ್ಚೆಳ್ಳು

ಇವತ್ತು ಮಾಡಿದ ಕೆಲಸ: ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದು. ಅತ್ತೆಗೆ ಬಿಸಿನೀರು, ಬಿ.ಪಿ. ಮಾತ್ರೆ ಕೊಟ್ಟದ್ದು. ಹಾಲು ಉಕ್ಕಿ ಒಲೆ ಒರೆಸಿದ್ದು. ನೆನೆಹಾಕಿದ್ದ ಅವರೆಕಾಳು ಹಿಸುಕಿದ್ದು, ಅರ್ಧ ನಾನು, ಅರ್ಧ ಅತ್ತೆ. ನಮ್ಮ ಮನೆಯವರಿಗೆ ಕೊಬ್ಬರಿ ಮಂಡಿಗೆ ಊಟದ ಡಬ್ಬಿ ಕಟ್ಟಿದ್ದು. ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಹದಿನಾರು ವರ್ಷ ಹಿಂದಿನ ಒಂದು ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡದ್ದು. ಒಂಬತ್ತೂಕಾಲರ ಬಸ್ಸಿಗೆ ಗಂಡಸಿ, ಅಲ್ಲಿಂದ ಆಟೋದಲ್ಲಿ ಕೆಂಪಮ್ಮನ ಊರು. ಮೂರು ಗಂಟೆಗೆ ವಾಪಸ್ಸು. ಒಣಗಿದ ಬಟ್ಟೆ ಮಡಿಸಿದ್ದು. ಇದನ್ನು ಬರೆಯಲು ಕೂತದ್ದು.

ಅರಸೀಕೆರೆಯ ಹೊರಗೆ, ಮಾಲೇಕಲ್ಲು ಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದ ಎಣ್ಣೆಕಾಳು ಫಾರಂನಲ್ಲಿ ನಾನು ಮೂವತ್ತೊಂದು ವರ್ಷ ಕ್ಷೇತ್ರ ಸಹಾಯಕಿಯಾಗಿದ್ದೆ. ಹೋದ ವರ್ಷ ನಿವೃತ್ತಿಯಾಯಿತು. ನನ್ನ ಜಾಗಕ್ಕೆ ಬಂದಿರುವ ಚೈತ್ರ ಆಗಾಗ ಮನೆಗೆ ಬರುತ್ತಾಳೆ. "ಮೇಡಂ, ಟ್ರೈನಿಂಗಲ್ಲಿ ಹೇಳ್ಕೊಡದೇ ಇರೋದನ್ನ ಬರ್ದಿಡಿ, ಹೊಸದಾಗಿ ಬರೋರಿಗೆ ಆಗುತ್ತೆ" ಎಂದು ಅವಳೇ ಕೇಳಿದ್ದು. ಸುಮ್ಮನೆ ನಾಲ್ಕು ನೆನಪು ಬರೆದುಕೊಟ್ಟರಾಯಿತು ಎಂದುಕೊಂಡಿದ್ದೆ. ಕೆಂಪಮ್ಮನ ವಿಷಯ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಎಂದು ಹೋದ ವಾರ ಗೊತ್ತಾಯಿತು. ಕೆಂಪಮ್ಮ ನಮ್ಮ ಫಾರಂನಲ್ಲಿ ಹದಿನೆಂಟು ವರ್ಷ ದಿನಗೂಲಿಗೆ ದುಡಿದವಳು. ಬೀಜ ಅದಲುಬದಲು ಮಾಡಿದಳು ಎಂಬ ಅನುಮಾನದ ಮೇಲೆ ಅವಳನ್ನು ಬಿಡಿಸಿದರು. ಆ ಅನುಮಾನದ ಕಾಗದಕ್ಕೆ ಸಹಿ ಹಾಕಿದವಳು ನಾನು.

ಮೊದಲು ಕೆಲಸ ಎಂಥದ್ದು ಎಂದು ಹೇಳುತ್ತೇನೆ.

ಹೆಚ್ಚು ಇಳುವರಿಯ ತಳಿ ಮಾಡುವುದೆಂದರೆ ಹೊರಗಿನವರಿಗೆ ಏನೋ ದೊಡ್ಡ ಯಂತ್ರದ ಕೆಲಸ ಅನ್ನಿಸುತ್ತದೆ. ನನ್ನ ಪಾಲಿಗೆ ಅದು ಬಗ್ಗಿ ನಿಂತು ಎಣಿಸುವ ಕೆಲಸವಾಗಿತ್ತು. ಹುಚ್ಚೆಳ್ಳಿನ ಗಿಡವನ್ನೇ ತೆಗೆದುಕೊಳ್ಳಿ. ಒಂದು ಗಿಡಕ್ಕೆ ಎಷ್ಟು ಕವಲು, ಕವಲಿಗೆ ಎಷ್ಟು ಹೂಗೊಂಡೆ, ಗೊಂಡೆಗೆ ಎಷ್ಟು ಕಾಳು, ಸಾವಿರ ಕಾಳಿನ ತೂಕ ಎಷ್ಟು, ಅದರಲ್ಲಿ ಎಣ್ಣೆ ಎಷ್ಟು. ಎಲ್ಲದರಲ್ಲೂ ಮುಂದಿರುವ ಗಿಡಕ್ಕೆ ಕೆಂಪು ದಾರ ಕಟ್ಟಬೇಕು. ಅದರ ಬೀಜವನ್ನು ಬೇರೆ ಇಟ್ಟು ಮುಂದಿನ ವರ್ಷ ಬಿತ್ತಬೇಕು. ತಾಯಿಯ ಗುಣ ಮಕ್ಕಳಿಗೆ ಬಂತೋ ಎಂದು ಮತ್ತೆ ಬಗ್ಗಿ ಎಣಿಸಬೇಕು. ಬಹಳ ಸಲ ಬಂದಿರುವುದಿಲ್ಲ. ಯಾಕೆ ಬಂದಿಲ್ಲ ಎಂದು ಹುಡುಕುವುದರಲ್ಲೇ ಅರ್ಧ ಸರ್ವಿಸ್ಸು ಕಳೆಯುತ್ತದೆ.

ನಮ್ಮ ತಳಿ ವಿಜ್ಞಾನಿಯನ್ನು ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದೆವು. ಸಣ್ಣ ಆಳು, ದಪ್ಪ ಕನ್ನಡಕ, ಜೇಬಿನಲ್ಲಿ ಸದಾ ಒಂದು ಭೂತಕನ್ನಡಿ. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ನಾನು ಸೇರಿದ ಮೊದಲ ವಾರ ಎಳ್ಳಿನ ತಾಕಿನಲ್ಲಿ ಒಂದು ಗಿಡ ತೋರಿಸಿ, "ಸಾರ್, ಇದು ನೋಡಿ, ಮೈತುಂಬ ಕಾಯಿ" ಎಂದೆ. ಅವರು ಗಿಡದ ಕಡೆ ನೋಡಲೇ ಇಲ್ಲ. ಸುತ್ತ ನೆಲ ನೋಡಿದರು. ಎರಡು ಮಾರು ಆಚೆ ಆಳುಹೆಂಗಸರು ಮಧ್ಯಾಹ್ನ ಊಟಕ್ಕೆ ಕೂರುವ ಹೊಂಗೆಮರ ಇತ್ತು.

"ಇವ್ರು ಡಬ್ಬಿ ತೊಳೆದ ನೀರು ಎಲ್ಲಿ ಚೆಲ್ತಾರೆ ರತ್ನಮ್ಮ?"

ಹೋಗಿ ಕೇಳಿದೆ. ಆ ಗಿಡದ ಬುಡಕ್ಕೇ ಚೆಲ್ಲುತ್ತಿದ್ದರು.

"ಚೆನ್ನಾಗಿ ಕಾಣೋ ಗಿಡ ಸುಳ್ಳು ಹೇಳ್ತಾ ಇರುತ್ತೆ ಅಂತಲೇ ಶುರು ಮಾಡಿ," ಎಂದರು. "ಅದನ್ನ ಕೇಳಬೇಡಿ. ಅದರ ಅಕ್ಕಪಕ್ಕದವರನ್ನ ಕೇಳಿ."

ಕೆಂಪಮ್ಮ ಅಲ್ಲೇ ಡಬ್ಬಿ ಉಜ್ಜುತ್ತ ಕೂತಿದ್ದಳು. ಸಾಹೇಬರು ಆಚೆ ಹೋದ ಮೇಲೆ, "ಏನವ್ವಾ, ಗಿಡದ ಮೇಲೂ ಪೋಲೀಸ್ ಕಂಪ್ಲೇಂಟಾ?" ಎಂದು ನಕ್ಕಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಕೈ ಮಾತ್ರ ನನಗಿಂತ ಎರಡರಷ್ಟು ಚುರುಕು. ಒಕ್ಕಣೆ, ತೂರುವುದು, ಬೀಜ ಒಣಗಿಸುವುದು ಎಲ್ಲ ಅವಳದೇ.

ನನ್ನ ಮೊದಲನೇ ದೊಡ್ಡ ತಪ್ಪು ಹುಚ್ಚೆಳ್ಳಿನಲ್ಲೇ ಆದದ್ದು. ಎಳ್ಳಿನ ಹೂವಿಗೆ ತೆಳುಬಟ್ಟೆಯ ಚೀಲ ಕಟ್ಟಿ ಜೇನುಹುಳ ಬಾರದ ಹಾಗೆ ಮಾಡಿದರೆ ಅದು ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ತಳಿ ಶುದ್ಧವಾಗಿ ಉಳಿಯುತ್ತದೆ. ಎರಡು ವರ್ಷ ಎಳ್ಳಿನಲ್ಲಿ ಪಳಗಿದ್ದೆನಲ್ಲ, ಹುಚ್ಚೆಳ್ಳಿಗೂ ಹಾಗೇ ಒಂದೊಂದು ಗಿಡಕ್ಕೆ ಒಂದೊಂದು ಚೀಲ ಹಾಕಿದೆ. ನೂರಾರು ಚೀಲ. ಮನೆಯಲ್ಲಿ ಹಳೆಯ ಪಂಚೆ ಹರಿದು ಅತ್ತೆಯೂ ಹೊಲಿದುಕೊಟ್ಟಿದ್ದರು. ಕೊಯ್ಲಿನಲ್ಲಿ ಬಿಚ್ಚಿ ನೋಡಿದರೆ ಬರೀ ಜೊಳ್ಳು. ಹುಚ್ಚೆಳ್ಳಿಗೆ ತನ್ನ ಪರಾಗ ತನಗೆ ಆಗುವುದಿಲ್ಲ, ಪಕ್ಕದ ಗಿಡದ್ದೇ ಬೇಕು. ಒಂದು ಹಂಗಾಮು ಪೂರ್ತಿ ಹಾಳು. ಸಾಹೇಬರು ಬೈಯಲಿಲ್ಲ. "ಗೊತ್ತಿರೋದೇ ಹೆಚ್ಚು ಮೋಸ ಮಾಡೋದು" ಎಂದು ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆ.

ಬರೆಯುವ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ನನ್ನ ಹತ್ತಿರ ಎರಡು ಪುಸ್ತಕ ಇರುತ್ತಿದ್ದವು. ಒಂದು ಫಾರಂನ ಕ್ಷೇತ್ರ ಪುಸ್ತಕ. ಬಿತ್ತಿದ ದಿನ, ಮಳೆ, ಗೊಬ್ಬರ, ಯಾವ ತಾಕಿನಲ್ಲಿ ಯಾರು ಏನು ಮಾಡಿದರು, ಎಲ್ಲ ಅದರಲ್ಲಿ. ಇನ್ನೊಂದು ಮನೆಯದು. ಮದುವೆಯಾಗಿ ಬಂದ ವರ್ಷ ಅತ್ತೆಗೆ ದೊಡ್ಡ ಕಾಯಿಲೆಯಾಗಿ, ಏನು ತಿಂದರು, ಎಷ್ಟು ಹೊತ್ತಿಗೆ ಮಲಗಿದರು ಎಂದು ಬರೆದಿಡಲು ಡಾಕ್ಟರು ಹೇಳಿದ್ದರು. ಅತ್ತೆ ಗುಣವಾದರು, ಬರೆಯುವ ಅಭ್ಯಾಸ ನಿಲ್ಲಲಿಲ್ಲ. ದಿನದ ಕೆಲಸ ಮೇಲೆ, ಊಟ ಮತ್ತು ಯಾರು ಮೊದಲು ಮಲಗಿದರು ಎಂಬುದು ಕೆಳಗೆ. ನಮ್ಮ ಮನೆಯವರು, "ಪಂಚಾಂಗ ಬರೆಯೋಳು" ಎಂದು ಈಗಲೂ ಹಾಸ್ಯ ಮಾಡುತ್ತಾರೆ. ಫಾರಂ ಪುಸ್ತಕ ಮನೆಗೆ ಬರುತ್ತಿರಲಿಲ್ಲ. ಮನೆಯದು ಫಾರಂಗೆ ಹೋಗುತ್ತಿರಲಿಲ್ಲ. ಒಂದರಲ್ಲಿ ಇರುವುದು ಇನ್ನೊಂದಕ್ಕೆ ಗೊತ್ತಿರಲಿಲ್ಲ.

ಎಣ್ಣೆಯ ಅಂಶ ಅಳೆಯುವ ವ್ಯವಸ್ಥೆ ಆಗ ನಮ್ಮಲ್ಲಿ ಇರಲಿಲ್ಲ. ಬೀಜವನ್ನು ಪೊಟ್ಟಣ ಕಟ್ಟಿ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಅವರು ಅರೆದು, ದ್ರಾವಣದಲ್ಲಿ ನೆನೆಸಿ, ಎಣ್ಣೆ ಬೇರೆ ಮಾಡಿ ತಿಂಗಳ ಮೇಲೆ ಉತ್ತರ ಬರೆಯುವರು. ಅಳೆದ ಬೀಜ ಮತ್ತೆ ಬಿತ್ತನೆಗೆ ಬಾರದು. ಈಗ ಚೈತ್ರ ಒಂದು ಪೆಟ್ಟಿಗೆಯಂಥ ಯಂತ್ರದಲ್ಲಿ ಬೀಜ ಸುರಿದರೆ, ಒಂದು ಕಾಳೂ ಒಡೆಯದೆ ನಿಮಿಷದಲ್ಲಿ ಉತ್ತರ. ಗಿಡಕ್ಕೆ ದಾರ ಕಟ್ಟುವುದೂ ಹೋಗಿದೆ. ಗೆರೆಗೆರೆಯ ಚೀಟಿ, ಅದಕ್ಕೆ ಫೋನು ತೋರಿಸಿದರೆ ಗಿಡದ ಜಾತಕವೇ ಬರುತ್ತದೆ. ನಾವು ಪೆನ್ಸಿಲ್ಲಿನಲ್ಲಿ ಬರೆದು ಕಟ್ಟಿದ ಚೀಟಿಯನ್ನು ಇಲಿ ತಿಂದದ್ದೂ ಉಂಟು.

ಪ್ರಯೋಗಾಲಯದವರ ಮೇಲೂ ಸಾಹೇಬರಿಗೆ ಅನುಮಾನ. "ಒಂದೇ ಚೀಲದ ಬೀಜ ಎರಡು ಪೊಟ್ಟಣ ಮಾಡಿ, ಬೇರೆ ಬೇರೆ ನಂಬರು ಹಾಕಿ ಕಳಿಸಿ. ಎರಡಕ್ಕೂ ಒಂದೇ ಉತ್ತರ ಬರುತ್ತೋ ನೋಡೋಣ" ಎಂದರು. ಬೇರೆ ಬೇರೆ ಬಂತು. ಸಾಹೇಬರು ಮೂರು ದಿನ ಗೆದ್ದವರ ಹಾಗೆ ಓಡಾಡಿ, ಕಟುವಾಗಿ ಪತ್ರ ಬರೆದರು. ಅವರಿಂದ ತಣ್ಣಗೆ ಉತ್ತರ ಬಂತು: ಒಂದು ಪೊಟ್ಟಣದ ಬೀಜ ತೇವವಿತ್ತು. ಕಿಟಕಿಯ ಹತ್ತಿರ, ಮಳೆಯ ಎರಚಲು ಬಡಿಯುವ ಕಡೆ ಅದನ್ನು ಒಂದು ರಾತ್ರಿ ಇಟ್ಟವಳು ನಾನೇ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬೇರೆಯವರ ಕಡೆ ತಿರುಗಿಸಿದ ದೀಪ ನಮ್ಮ ಬೆನ್ನಿಗೆ ಬೀಳುವುದಿಲ್ಲ.

ಇನ್ನು ಏಳನೇ ಸಾಲು.

ಆ ವರ್ಷ ಹುಚ್ಚೆಳ್ಳು ತಡವಾಗಿ ಬಿತ್ತಿದ್ದೆವು. ದಾರಿಯ ಪಕ್ಕದ ಎರಡು ಸಾಲು ಕಾವಲಿಗೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಂಚಿನ ಗಿಡ ಸಹಜವಾಗಿಯೇ ಕೊಬ್ಬುತ್ತದೆ. ಅದರ ಒಳಗೆ ಬೇರೆ ಬೇರೆ ಊರಿಂದ ತಂದ ಬೀಜದ ಸಾಲುಗಳು. ಏಳನೆಯದು ಎಲ್ಲಕ್ಕಿಂತ ಮೊದಲು ಹೂ ಬಿಟ್ಟಿತು. ಮುಂದೆ ಅದೇ ಸಾಲಿನಲ್ಲಿ ಹತ್ತು ಹನ್ನೆರಡು ಗಿಡ ಒತ್ತಾಗಿ ಕವಲೊಡೆದು, ಗೊಂಡೆಯ ಮೇಲೆ ಗೊಂಡೆ ಬಿಟ್ಟು, ಉಳಿದ ಗಿಡಗಳ ನಡುವೆ ಪೊದೆಯಂತೆ ನಿಂತವು. ಒಂದೊಂದಕ್ಕೂ ಕೆಂಪು ದಾರ ಕಟ್ಟಿದೆ.

ಸಾಹೇಬರು ಎಂದಿನಂತೆ ಸುತ್ತ ನೋಡಿದರು. ನೀರಿನ ಪೈಪು ದೂರ. ಊಟದ ಮರ ಇನ್ನೂ ದೂರ. ಹಳೆಯ ತಿಪ್ಪೆಯ ಜಾಗವಲ್ಲ. "ಪುಸ್ತಕ ನೋಡಿ ಹೇಳಿ, ಈ ಸಾಲಿಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ?" ಎಂದರು. ಕ್ಷೇತ್ರ ಪುಸ್ತಕ ಮೊದಲಿಂದ ಕೊನೆಯವರೆಗೆ ಓದಿದೆ. ಬಿತ್ತನೆ, ಕಳೆ, ಮಳೆ. "ಏನೂ ಇಲ್ಲ ಸಾರ್" ಎಂದೆ. ಪುಸ್ತಕ ಸ್ವಚ್ಛವಾಗಿತ್ತು. ಅವರು ನಂಬಿದ್ದು ಗಿಡವನ್ನಲ್ಲ, ನನ್ನ ಪುಸ್ತಕವನ್ನು.

ಅಷ್ಟು ನಿಧಾನದ ಮನುಷ್ಯ ಆ ಒಂದು ಸಲ ಅವಸರಪಟ್ಟರು. ಬೀಜ ಒಕ್ಕಿ, ಒಣಗಿಸಿ, ಅರ್ಧ ಫಾರಂನಲ್ಲಿ ಬಿತ್ತಲು ಇಟ್ಟು, ಅರ್ಧವನ್ನು ಹಳೇಬೀಡಿನ ಹತ್ತಿರ ರಂಗೇಗೌಡರು ಎಂಬ ರೈತರಿಗೆ ಕೊಟ್ಟರು. ಗೌಡರು ನಮ್ಮ ಎಷ್ಟೋ ಬೀಜ ಬೆಳೆದುಕೊಟ್ಟವರು, ಬಾಯಿ ಸ್ವಲ್ಪ ಜೋರು. ಮಾರನೇ ವರ್ಷ ಬೆಳೆ ನೋಡಲು ಬಾಣಾವರ ದಾಟಿ ಜೀಪಿನಲ್ಲಿ ಹೋದೆವು. ಗೌಡರು ಹೊಲದ ಬದುವಿನ ಮೇಲೆ ಟವೆಲ್ಲು ಹಾಸಿಕೊಂಡು ಕೂತಿದ್ದರು. ಎದ್ದೇಳಲಿಲ್ಲ.

"ಬನ್ನಿ ಸಾರ್, ನಿಮ್ ಬೀಜ ಯಾವ್ದು, ನಮ್ಮಜ್ಜನ ಕಾಲದ್ ಬೀಜ ಯಾವ್ದು, ತೋರ್ಸಿ ನೋಡನ," ಎಂದರು.

ಸಾಹೇಬರು ಈ ತುದಿಯಿಂದ ಆ ತುದಿಗೆ ನಡೆದರು. ವ್ಯತ್ಯಾಸ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಹಳೇ ಬೀಜಕ್ಕೆ ಹೊಸಾ ಚೀಟಿ ಕಟ್ಟಿ ಕೊಟ್ರಾ ಏನು ಕತೆ? ನಿಮ್ ಸ್ಟೋರಲ್ಲಿ ಯಾರೋ ಕೈಯಾಡ್ಸವ್ರೆ ನೋಡಿ ಸಾರ್," ಎಂದು ಗೌಡರು ನಕ್ಕರು. ಹಾಸ್ಯಕ್ಕೇ ಅಂದದ್ದು. ಆದರೆ ಸಾಹೇಬರು ನಗಲಿಲ್ಲ. ವಾಪಸ್ಸು ಬರುವಾಗ ಜೀಪಿನಲ್ಲಿ, ಬಾಣಾವರ ಕಡೆಯ ತಿರುವು ಬಂದಾಗ ಕೇಳಿದರು, "ಸ್ಟೋರಿನ ಬೀಗ ನಿಮ್ಮ ಹತ್ರ ಇರುತ್ತೆ. ಒಣಗ್ಸೋದು ಕೆಂಪಮ್ಮ. ಅವಳೊಬ್ಬಳೇ ಬೀಜದ ಹತ್ರ ಇದ್ದ ದಿನ ಇದೆಯಾ?"

ಫಾರಂಗೆ ಬಂದು ನೋಡಿದರೆ ನಮ್ಮ ತಾಕಿನಲ್ಲಿದ್ದ ಏಳನೇ ಸಾಲಿನ ಬೀಜವೂ ಹಾಗೇ, ಸಾಮಾನ್ಯ ಗಿಡ. ಎರಡು ಕಡೆಯೂ ಒಂದೇ ಫಲ. ಅಂದರೆ ಬೀಜ ಫಾರಂ ಬಿಡುವ ಮೊದಲೇ ಬದಲಾಗಿರಬೇಕು ಎಂದು ಸಾಹೇಬರ ತರ್ಕ. ನನಗೂ ಅದೇ ಸರಿ ಅನ್ನಿಸಿತು.

ಅನುಮಾನ ಒಮ್ಮೆ ಹೊಕ್ಕಿತೆಂದರೆ ಹಳೆಯದೆಲ್ಲ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಕ್ಕಣೆಯ ಕಣದಲ್ಲಿ ಕೊನೆಗೆ ಗುಡಿಸಿದ ಕಸ, ಅದರಲ್ಲಿ ಮಣ್ಣು ಹೊಟ್ಟಿನ ಜೊತೆ ಒಂದಿಷ್ಟು ಕಾಳೂ ಇರುತ್ತದೆ, ಅದು ತೂರಿದವಳಿಗೆ ಸೇರಬೇಕೆಂಬುದು ನಮ್ಮ ಕಡೆಯ ವಾಡಿಕೆ. ಕೆಂಪಮ್ಮ ಪ್ರತಿ ವರ್ಷ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಚಟ್ನಿಗೆ ಹುರಿಯುತ್ತಿದ್ದಳು. ಅಷ್ಟು ವರ್ಷ ಅದನ್ನು ನೋಡಿ ಸುಮ್ಮನಿದ್ದವಳಿಗೆ ಆಗ ಆ ಸೆರಗು ಯಾಕೋ ದಪ್ಪ ಕಂಡಿತ್ತಲ್ಲ ಅನ್ನಿಸಿತು. ಅವಳು ಸಂಜೆ ಕೊನೆಯಲ್ಲಿ ಹೊರಡುತ್ತಿದ್ದದ್ದು, ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಿದ್ದದ್ದು, ಒಂದೊಂದೂ ನೆನಪಾಯಿತು. ಪುಸ್ತಕ ತೆಗೆದೆ. ಬೀಜ ಒಣಗುತ್ತಿದ್ದಾಗ ನಾನು ರಜೆ ಇದ್ದ ಮೂರು ದಿನ ಸಿಕ್ಕಿತು. ಮೂರೂ ದಿನ ಕೆಂಪಮ್ಮ ಒಬ್ಬಳೇ. ಅದನ್ನು ಬಿಳಿಹಾಳೆಯಲ್ಲಿ ಬರೆದು ಸಹಿ ಮಾಡಿದೆ. ಮಾವ ತೀರಿಕೊಂಡದ್ದು ಅದಾದ ಕೆಲವು ತಿಂಗಳಿಗೆ. ರಜೆ ಹಾಕಿದ್ದು ಅವರ ಆಸ್ಪತ್ರೆ ಓಡಾಟಕ್ಕೆ, ಬೀಜ ನೋಡಿಕೊಳ್ಳಲು ಕೆಂಪಮ್ಮನನ್ನು ಕೂರಿಸಿ ಹೋದವಳು ನಾನೇ. ಅದನ್ನು ಹಾಳೆಯಲ್ಲಿ ಬರೆಯಲಿಲ್ಲ.

ಆ ಹೊತ್ತಿಗೆ ದಿನಗೂಲಿಯವರಲ್ಲಿ ಕೆಲವರನ್ನು ಖಾಯಂ ಮಾಡುವ ಪಟ್ಟಿ ಹೋಗಿತ್ತು. ಅದರಲ್ಲಿ ಕೆಂಪಮ್ಮನ ಹೆಸರು ಮೊದಲನೆಯದು. ಹೆಸರು ಹೊಡೆದುಹಾಕಿದರು, ಕೆಲಸಕ್ಕೂ ಬರಬೇಡ ಎಂದರು. ಅವಳು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು.

"ಏನಂತ ಬರ್ದೆ ರತ್ನವ್ವ?"

"ಇದ್ದದ್ದನ್ನ ಬರೆದೆ."

"ನಾನು ಕದ್ದೆ ಅಂತ ಬರ್ದ್ಯಾ?"

"ಹಾಗಂತ ಬರೆದಿಲ್ಲ. ನೀನೊಬ್ಬಳೇ ಇದ್ದೆ ಅಂತ ಬರೆದೆ."

"ಅಷ್ಟೇ ಸಾಕಲ್ಲ," ಎಂದು ಊಟದ ಡಬ್ಬಿ ಕಂಕುಳಿಗೆ ಇಟ್ಟುಕೊಂಡು ಹೋದಳು.

ಸಾಹೇಬರಿಗೆ ವರ್ಗವಾಯಿತು. ಈಗ ಅವರಿಲ್ಲ. ಏಳನೇ ಸಾಲಿನ ಕಡತ ಕಪಾಟಿನಲ್ಲಿ ಉಳಿಯಿತು. ನಾನು ಆಮೇಲೆ ಎಷ್ಟೋ ಜನ ಆಳುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಯಾರ ಸೆರಗನ್ನೂ ನಂಬಲಿಲ್ಲ. ಕಣದ ಕಸ ಮನೆಗೆ ಒಯ್ಯುವ ವಾಡಿಕೆಯನ್ನೂ ನಿಲ್ಲಿಸಿದೆ.

ಹೋದ ವಾರ ಚೈತ್ರ ಬಂದವಳು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಹೇಳಿದಳು, "ಈ ಸಲ ಹುಚ್ಚೆಳ್ಳಲ್ಲಿ ಕುಡಿ ಚಿವುಟೋ ಪ್ರಯೋಗ ಇತ್ತು ಮೇಡಂ. ತುದಿ ಚಿವುಟಿದ್ರೆ ಪಕ್ಕದಿಂದ ಕವಲು ಬಂದು ಗಿಡ ಪೊದೆ ಆಗ್ಬಿಡುತ್ತೆ. ಗೊಂಡೆ ಎಷ್ಟು ಅಂತೀರಾ."

ನಾನು ಒತ್ತುತ್ತಿದ್ದ ರೊಟ್ಟಿ ಬಿಟ್ಟೆ. "ಎಳೇ ಗಿಡದಲ್ಲಿ ಚಿವುಟಬೇಕು, ಅಲ್ವಾ? ಹೂ ಬಂದ ಮೇಲೆ ಚಿವುಟಿದರೆ?"

"ಮೊದಲ ಹೂವಿನ ಹೊತ್ತಿಗೆ ಚಿವುಟಿದ್ರೂ ಕವಲು ಬರುತ್ತೆ ಮೇಡಂ, ಆಮೇಲೆ ಒಂದು ಮಳೆ ಬಿದ್ರೆ."

ಅವಳು ಹೋದ ಮೇಲೆ ಅಟ್ಟ ಹತ್ತಿ ತಗಡಿನ ಪೆಟ್ಟಿಗೆ ತೆಗೆದೆ. ಏಳನೇ ಸಾಲಿನ ವರ್ಷದ ಮನೆಯ ನೋಟುಬುಕ್ಕು. ದೀಪಾವಳಿಯ ಹಿಂದಿನ ದಿನ. ನನ್ನದೇ ಅಕ್ಷರ:

"ಹಟ್ಟಿ ಸಾರಿಸಿದ್ದು. ಹಂಡೆ ತೊಳೆದದ್ದು. ಫಾರಂನಿಂದ ಬರುವಾಗ ಸಗಣಿ ಉಂಡೆಗೆ ಹುಚ್ಚೆಳ್ಳು ಹೂ ತಂದದ್ದು. ಕಾವಲು ಸಾಲಿನಲ್ಲಿ ಇನ್ನೂ ಮೊಗ್ಗು, ಒಳಗಿನದರಲ್ಲಿ ಸಿಕ್ಕಿತು. ಕೆಂಪಮ್ಮನಿಗೂ ಒಂದು ಹಿಡಿ. ಊಟ ಅನ್ನ, ಸೊಪ್ಪಿನ ಸಾರು. ಅತ್ತೆ ಮೊದಲು ಮಲಗಿದರು."

ನಮ್ಮ ಕಡೆ ದೀಪಾವಳಿಗೆ ಹೊಸ್ತಿಲ ಎರಡು ಬದಿ ಸಗಣಿ ಉಂಡೆ ಇಟ್ಟು ಹುಚ್ಚೆಳ್ಳು ಹೂ ಸಿಕ್ಕಿಸುತ್ತೇವೆ. ಉಂಡೆಗೆ ಚುಚ್ಚಲು ಕಡ್ಡಿ ಬೇಕಲ್ಲ, ಬೆರಳುದ್ದ ಕಾಂಡದ ಸಮೇತ ತುದಿಯನ್ನೇ ಮುರಿಯುತ್ತೇವೆ. ಆ ದಿನ ಒಳಗೆ ಹೂ ಬಿಟ್ಟಿದ್ದದ್ದು ಏಳನೇ ಸಾಲೊಂದೇ, ಇನ್ನೂ ಯಾವ ಗಿಡಕ್ಕೂ ದಾರ ಕಟ್ಟಿರಲಿಲ್ಲ. ದಾರ ಕಟ್ಟಿದ ಗಿಡ ಮುಟ್ಟಬಾರದು ಎಂಬುದಷ್ಟೇ ನಮ್ಮ ನಿಯಮ. ಹಬ್ಬದ ಹೂವನ್ನು ಗಿಡಕ್ಕೆ ಮಾಡಿದ ಕೆಲಸ ಎಂದು ಕ್ಷೇತ್ರ ಪುಸ್ತಕದಲ್ಲಿ ಬರೆಯಬೇಕೆಂದು ನನಗೆ ತೋಚಲೇ ಇಲ್ಲ. ಅದು ಮನೆಯ ಕೆಲಸ, ಮನೆಯ ಪುಸ್ತಕಕ್ಕೆ ಹೋಯಿತು. ಹಬ್ಬ ಕಳೆದ ಮೂರನೇ ದಿನ ಮಳೆ. ಅದು ಮಾತ್ರ ಕ್ಷೇತ್ರ ಪುಸ್ತಕದಲ್ಲಿತ್ತು. ಮಾರನೇ ವರ್ಷ ಮಾವ ತೀರಿಕೊಂಡು ಮನೆಯಲ್ಲಿ ಹಬ್ಬವಿಲ್ಲ, ಹೂ ಕೀಳಲಿಲ್ಲ, ಗಿಡ ಪೊದೆಯಾಗಲಿಲ್ಲ. ಬೀಜವನ್ನು ಯಾರೂ ಬದಲಿಸಿರಲಿಲ್ಲ. ಏಳನೇ ಸಾಲಿನಲ್ಲಿ ಗುಣವೇ ಇರಲಿಲ್ಲ, ನನ್ನ ಕೈ ಇತ್ತು.

ಒಂದು ವಾರ ಹೋಗಲೋ ಬೇಡವೋ ಎಂದು ಯೋಚಿಸಿದೆ. ಹದಿನಾರು ವರ್ಷದ ಮೇಲೆ ಹೇಳಿ ಏನಾಗಬೇಕು ಎಂದರು ನಮ್ಮ ಮನೆಯವರು. ಅತ್ತೆ ಮಾತ್ರ, "ಹೋಗಿ ಬಾ. ಬಯ್ದರೆ ಬಯ್ಯಲಿ" ಎಂದರು.

ಕೆಂಪಮ್ಮ ಜಗುಲಿಯ ಮೇಲೆ ಕೂತು ಮೊರದಲ್ಲಿ ಹುಚ್ಚೆಳ್ಳು ಕೇರುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಮೊರ ನಿಲ್ಲಿಸಿದಳು.

"ಯಾಕ್ರವ್ವ, ಇನ್ನೂ ಏನಾರ ಕಳ್ದೋಗೈತಾ?"

ನಿಂತೇ ಹೇಳಿದೆ. ನೋಟುಬುಕ್ಕು ತೆರೆದು ಓದಿದೆ. ಅವಳು ಕೊನೆಯವರೆಗೂ ಕೇಳಿ, ಕೇರಿದ ಕಾಳನ್ನು ಕುಕ್ಕೆಗೆ ಸುರಿದಳು.

"ನಂಗೊಂದ್ ಹಿಡಿ ಕೊಟ್ಟಿದ್ದು ಗ್ಯಾಪ್ಕ ಐತೆ. ಅದ್ರಿಂದ ಗಿಡ ಪೊದೆ ಆಯ್ತದೆ ಅಂತ ಯಾರಿಗ್ ಗೊತ್ತಿತ್ತು. ಇಷ್ಟ್ ದಿನ ನಿಮ್ ಸಾಹೇಬ್ರೇ ಬೀಜ ಮಾರ್ಕಂಡು ನನ್ ತಲೆಗ್ ಕಟ್ಟವ್ರೆ ಅಂದ್ಕಂಡಿದ್ದೆ. ಸುಮ್ನೆ ಪಾಪದೋರ್ನ ಬಯ್ಕಂಡೆ." ಆಮೇಲೆ ನನ್ನ ಮುಖ ನೋಡಿದಳು. "ನಿನ್ನೂ ಬಯ್ದಿದ್ದೀನಿ, ಅದೇನ್ ದಂಡ ಆಗ್ಲಿಲ್ಲ."

"ತಪ್ಪಾಯ್ತು ಕೆಂಪಮ್ಮ."

"ಅದನ್ನ ತಗಂಡು ನಾನೇನ್ ಮಾಡ್ಲಿ? ಕೆಲ್ಸ ಈಗ ಬೇಡ. ಆ ಹಾಳೇಲಿ ಬರ್ದೆಯಲ್ಲ, ಅದ್ರ ಪಕ್ಕಕ್ಕೆ ಇದನ್ನೂ ಬರ್ದ್ ಇಡು. ನನ್ ಮೊಮ್ಮಗಳು ನಾಳೆ ಅಲ್ಲಿಗೆ ಕೆಲ್ಸಕ್ ಹೋದ್ರೆ ಕಳ್ಳಿ ಮೊಮ್ಮಗಳು ಅನ್ಬಾರ್ದು."

"ಮನೆಗೆ ಹೋಗಿ ಬರೆದು ಕಳಿಸ್ತೀನಿ."

"ಮನೇಗೋಗಿ ಬ್ಯಾಡ. ಇಲ್ಲೇ ಬರಿ."

ಜಗುಲಿಯ ಮೇಲೆ ಕೂತು ಎರಡು ಪ್ರತಿ ಬರೆದೆ. ನಾನೇ ಹೂ ಕಿತ್ತದ್ದು, ಕೆಂಪಮ್ಮ ಒಬ್ಬಳೇ ಇದ್ದದ್ದು ನಾನು ಕೂರಿಸಿ ಹೋದದ್ದರಿಂದ, ಬೀಜ ಬದಲಾಗಿಲ್ಲ, ಹಿಂದಿನ ಹೇಳಿಕೆ ತಪ್ಪು. ಓದಿ ಹೇಳಿದೆ. ಅವಳು ತಲೆಯಾಡಿಸಿ, ಒಳಗಿದ್ದ ಸೊಸೆಯನ್ನು ಕರೆದಳು. "ಭಾಗ್ಯ, ನೀನೊಂದಪ ಓದಮ್ಮಿ. ಬರ್ದೋರೇ ಓದಿದ್ರೆ ಏನ್ ಬಂತು." ಭಾಗ್ಯ ಓದಿದಳು. ಎರಡು ಓದೂ ತಾಳೆಯಾದ ಮೇಲೆ ಒಂದು ಪ್ರತಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಇನ್ನೊಂದು, ಸೋಮವಾರ ಚೈತ್ರಳ ಕೈಯಲ್ಲಿ ಕಡತ ಸೇರಬೇಕು. ಸೇರುತ್ತದೋ, ಯಾವುದೋ ಮೇಜಿನ ಡ್ರಾಯರಿನಲ್ಲಿ ಉಳಿಯುತ್ತದೋ, ನನಗೆ ಪೂರ್ತಿ ನಂಬಿಕೆ ಇಲ್ಲ. ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಒಂದೇ ಪುಸ್ತಕ ಇಡಿ. ದೇವರಿಗೆ ಕಿತ್ತ ಹೂವನ್ನೂ ಅದರಲ್ಲೇ ಬರೆಯಿರಿ.

ಹೊರಡುವಾಗ ಕುಕ್ಕೆಯ ಕಾಳಿಗೆ ಕೈಹಾಕಿ ನೋಡಿದೆ. ಅಭ್ಯಾಸ. ಕಪ್ಪಗೆ, ತುಂಬಿದ ಕಾಳು.

"ಯಾವ ಬೀಜ ಇದು?"

"ನಿಂದೇ ಏಳ್ನೇ ಸಾಲು," ಎಂದಳು, ಹುಬ್ಬು ಕೂಡ ಅಲುಗಿಸದೆ. "ಕಣದ್ ಕಸದಾಗೆ ಬಂದಿದ್ದು. ಅವತ್ತಿಂದ ಪ್ರತಿ ವರ್ಷ ಬಿತ್ತೀನಿ. ಊರಲ್ಲೆಲ್ಲ ಕೆಂಪಮ್ಮನ ಹುಚ್ಚೆಳ್ಳೇ ಚೆಂದ ಅಂತಾರೆ. ಬೀಜ ಇಸ್ಕಂಡ್ ಹೋದೋರಿಗೆ ಮಾತ್ರ ಬರಕಿಲ್ಲ, ನಾನೇ ಕೆಟ್ಟ ಬೀಜ ಕೊಟ್ಟೆ ಅಂತ ಮುಖ ತಿರುಗ್ಸ್ತಾರೆ."

"ಹಬ್ಬಕ್ಕೆ ಹೂ ಎಲ್ಲಿಂದ ಕೀಳ್ತೀಯ?"

ಅವಳು ತಿರುಗಿ ಮನೆಯ ಹಿಂದಿನ ತನ್ನ ಹೊಲವನ್ನು ನೋಡಿದಳು. ಮೊದಲು ನಕ್ಕವಳು ಭಾಗ್ಯ. "ಅಯ್ಯೋ ಅತ್ತೆ, ಊರ್ ಹಬ್ಬಕ್ಕೆಲ್ಲ ನಮ್ಮೊಲದ್ದೇ ತಾನೆ," ಎಂದಳು. ಕೆಂಪಮ್ಮ ನಗಲು ತಡಮಾಡಿದಳು, ನಕ್ಕಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕಸದಲ್ಲಿ ಬಂದದ್ದು ಒಂದು ಹಿಡಿಯೋ ಒಂದು ಸೇರೋ ಎಂಬ ಪ್ರಶ್ನೆ ಬಸ್ಸಿನಲ್ಲಿ ಬರುವಾಗ ಮನಸ್ಸಿಗೆ ಬಂತು. ಬಾರದೆ ಇರುತ್ತದೆಯೇ, ಮೂವತ್ತೊಂದು ವರ್ಷದ ಚಾಳಿ. ಕೇಳಿರಲಿಲ್ಲ. ಇನ್ನು ಕೇಳುವುದೂ ಇಲ್ಲ.

ಊಟ: ರಾಗಿ ರೊಟ್ಟಿ, ಹಿಸುಕಿದ ಅವರೆಕಾಳಿನ ಸಾರು, ಕೆಂಪಮ್ಮ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿ. ಅತ್ತೆ ಒಂದು ರೊಟ್ಟಿ ಹೆಚ್ಚಿಗೆ ತಿಂದರು. ನಮ್ಮ ಮನೆಯವರು ಪುಡಿಗೆ ಎರಡು ಸಲ ಎಣ್ಣೆ ಹಾಕಿಸಿಕೊಂಡರು. ಮೊದಲು ಮಲಗಿದವಳು ನಾನು. ಈ ಸಾಲನ್ನು ಬೆಳಿಗ್ಗೆ ಎದ್ದು ಅತ್ತೆಯನ್ನು ಕೇಳಿ ಬರೆದೆ.